ಹತ್ತೊಂಬತ್ತು ಹಲ್ಲು

ಮಿಚಿಗನ್ನಿನಲ್ಲಿ ಚಳಿಗಾಲ ಬಂತೆಂದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಿಮ ಕರಗಲಿ ಅಂತ. ಹಿಮವೇನೋ ಕರಗುತ್ತದೆ, ಜೊತೆಗೆ ಕಾರುಗಳ ತಳವೂ ತುಕ್ಕು ಹಿಡಿದು ಉದುರುತ್ತದೆ. ಹಾಗಾಗಿ ಇಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ನವೆಂಬರಿನಲ್ಲಿ ಅದನ್ನು ಗರಾಜಿಗೆ ಸೇರಿಸಿ ಹೊದಿಕೆ ಹೊದಿಸಿಬಿಟ್ಟರೆ, ಮತ್ತೆ ಆಚೆ ತೆಗೆಯುವುದು ಮಳೆ ಬಂದು ರಸ್ತೆ ತೊಳೆದ ಮೇಲೆಯೇ. ನಡುವಿನ ತಿಂಗಳುಗಳಲ್ಲಿ ಕಾರಿಗೆ ನಿದ್ದೆ ಬರಬಹುದು, ಅದರ ಯಜಮಾನನಿಗೆ ಬರುವುದಿಲ್ಲ. ಸುಮ್ಮನೆ ಹೋಗಿ ಹೊದಿಕೆ ಎತ್ತಿ ನೋಡುತ್ತಾನೆ. ಬಾನೆಟ್ ತೆರೆಯುತ್ತಾನೆ. ದೊಡ್ಡ ರಿಪೇರಿಗಳೆಲ್ಲ ಹುಟ್ಟುವುದು ಹೀಗೆಯೇ ಹೊರತು ಗಾಡಿ ಕೆಟ್ಟಿದ್ದರಿಂದಲ್ಲ.

ನನ್ನದು 1992ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಚಾವಣಿ, ಸುಮಾರು ಒಂದು ಟನ್ ತೂಕ, 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ. ಈಗಿನ ಕಾಲದ ಸಂಸಾರಸ್ಥರ ಕಾರುಗಳೂ ಸಿಗ್ನಲ್ಲಿನಲ್ಲಿ ಇದನ್ನು ಹಿಂದೆ ಹಾಕಿ ಹೋಗುತ್ತವೆ, ಹೋಗಲಿ. ಡೆಟ್ರಾಯಿಟ್ ಪಕ್ಕದಲ್ಲಿ ಮನೆ ಮಾಡಿಕೊಂಡು ಜಪಾನಿನ ಕಾರಿಗೆ ಮುದ್ದು ಮಾಡುತ್ತೀಯಲ್ಲ ಎಂದು ಇಲ್ಲಿನ ಸ್ನೇಹಿತರು ಕಿಚಾಯಿಸುವುದುಂಟು. ಅವರಿಗೆ ನಾನು ಬಾಬ್ ಹಾಲ್ ಕಥೆ ಹೇಳುತ್ತೇನೆ. ಆತ ಅಮೆರಿಕದ ವಾಹನ ಪತ್ರಕರ್ತ. ಬ್ರಿಟಿಷರು ಹಿಂದೆ ಮಾಡುತ್ತಿದ್ದಂಥ ಹಗುರವಾದ ಪುಟ್ಟ ಕಾರನ್ನು ನೀವು ಯಾಕೆ ಮಾಡಬಾರದು ಎಂದು 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಕಿವಿಗೆ ಹಾಕಿದವನು ಅವನೇ. ಹತ್ತು ವರ್ಷದ ಮೇಲೆ, 1989ರ ಫೆಬ್ರುವರಿಯಲ್ಲಿ, ಷಿಕಾಗೋ ಪ್ರದರ್ಶನದಲ್ಲಿ ಕಾರು ಕಾಣಿಸಿಕೊಂಡಿತು. ಬ್ರಿಟಿಷ್ ಕಾರಿನ ಸುಖವೆಲ್ಲ ಇತ್ತು, ಎಣ್ಣೆ ಸೋರುವ ಚಾಳಿ ಮಾತ್ರ ಇರಲಿಲ್ಲ. ಹೊಸದರಲ್ಲಿ ಇರಲಿಲ್ಲ ಅನ್ನಬೇಕು. ಮೂವತ್ತು ವರ್ಷ ದಾಟಿದ ಮೇಲೆ ಅದನ್ನೂ ಕಲಿತುಕೊಂಡಿದೆ.

ಈ ಸಲದ ಚಳಿಗಾಲಕ್ಕೆ ಟೈಮಿಂಗ್ ಬೆಲ್ಟ್ ಬದಲಾಯಿಸುವುದು ಅಂತಾಯಿತು. ಕಂಪನಿಯ ಲೆಕ್ಕದಲ್ಲಿ ಅದನ್ನು 60,000 ಮೈಲಿಗೊಮ್ಮೆ ಬದಲಿಸಬೇಕು. ಆದರೆ ಬರೀ ಬೆಲ್ಟ್ ಬದಲಿಸುವವರು ಯಾರೂ ಇಲ್ಲ. ಗೋಡೆಗೆ ಸುಣ್ಣ ಹೊಡೆಸಲು ಹೊರಟವರು ಹೆಂಚು ಕೈಯಾಡಿಸುವ ತನಕ ಹೋಗುವ ಹಾಗೆ ಇದೂ ಬೆಳೆಯುತ್ತದೆ. ವಾಟರ್ ಪಂಪನ್ನು ತಿರುಗಿಸುವುದು ಬೇರೆ ಬೆಲ್ಟಾದರೂ, ಪಂಪು ತೆಗೆಯಬೇಕೆಂದರೆ ಟೈಮಿಂಗ್ ಬೆಲ್ಟನ್ನು ಬಿಚ್ಚಲೇಬೇಕಾದ್ದರಿಂದ ಪಂಪೂ ಹೊಸದಾಗಲಿ. ಅಷ್ಟು ಬಿಚ್ಚಿದ ಮೇಲೆ ಕ್ಯಾಮ್‌ಗಳ ಆಯಿಲ್ ಸೀಲು, ಕ್ರ್ಯಾಂಕಿನ ಸೀಲು, ಟೆನ್ಷನರ್, ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟು ಬಿಡುವುದುಂಟೇ? ಹೇಗೂ ಕೂಲಂಟ್ ಇಳಿಸಿದ್ದಾಗಿದೆ, ಹಾಗೇ ಅದು ಹರಿಯುವ ದಾರಿಯನ್ನೂ ತಿದ್ದಿಬಿಡೋಣ. ಗರಾಜಿನ ಮೂಲೆಯಲ್ಲಿ ಡಬ್ಬಗಳು ಬೆಳೆಯುತ್ತಾ ಹೋದವು.

“ಅಲ್ಲಿ ಮೆಕ್ಯಾನಿಕ್‌ಗಳು ಸಿಗೋದಿಲ್ವೇನೋ?” ಅಂತ ಹಾಸನದಿಂದ ಅಮ್ಮ ಫೋನಿನಲ್ಲಿ ಕೇಳಿದರು.

“ಸಿಗ್ತಾರಮ್ಮ.”

“ಮತ್ತೆ?”

ಆ ‘ಮತ್ತೆ?’ಗೆ ಫೋನಿನಲ್ಲಿ ಉತ್ತರ ಹೇಳುವುದು ಕಷ್ಟ. ಎಂಜಿನ್ ಬಿಚ್ಚುತ್ತಾ ಹೋದಂತೆ ಅದನ್ನು ಮಾಡಿದವರ ಸ್ವಭಾವ ಒಂದೊಂದಾಗಿ ಗೊತ್ತಾಗುತ್ತದೆ. ಎಲ್ಲಿ ಧಾರಾಳವಾಗಿದ್ದರು, ಎಲ್ಲಿ ಕೈ ಬಿಗಿ ಹಿಡಿದರು, ಎಲ್ಲಿ ಎಡವಿ ಆಮೇಲೆ ತಿದ್ದಿಕೊಂಡರು ಅನ್ನುವುದೆಲ್ಲ ಬೋಲ್ಟುಗಳ ಹಿಂದೆ ಕೂತಿರುತ್ತದೆ. ದುಡ್ಡು ಕೊಟ್ಟು ಮಾಡಿಸಿದರೆ ಆ ಪರಿಚಯವೆಲ್ಲ ಮೆಕ್ಯಾನಿಕ್ಕಿಗೇ ಆಗುತ್ತದೆ, ನಮಗೆ ಬಿಲ್ಲು ಬರುತ್ತದೆ.

ಎಡವಿದ್ದು ಕ್ರ್ಯಾಂಕಿನ ಮೂತಿಯಲ್ಲಿ. 1990ರ ಮತ್ತು 91ರ ಮೊದಮೊದಲ ಕಾರುಗಳಲ್ಲಿ ಅದು ಗಿಡ್ಡವಾಗಿತ್ತು. ಬೆಲ್ಟ್ ಬದಲಿಸಿದವರು ಪುಲ್ಲಿಯ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಕೀಲಿಯ ಜಾಗ ಸವೆದು, ಪುಲ್ಲಿ ಅಲುಗಾಡಿ, ಕೊನೆಗೆ ಕ್ರ್ಯಾಂಕೇ ಹಾಳಾಗುತ್ತಿತ್ತು. ಆಮೇಲೆ ಮೂತಿ ಉದ್ದ ಮಾಡಿದರು. ಪುಲ್ಲಿಯ ನಡುವೆ ನಾಲ್ಕು ಕಚ್ಚು ಕಂಡರೆ ಗಿಡ್ಡದ್ದು, ಎಂಟು ಕಂಡರೆ ಉದ್ದದ್ದು ಎಂದು ಲೆಕ್ಕ. 1992ರ ಕಾರಿನಲ್ಲಿ ಎಂಟೇ ಇರಬೇಕು, ಗೊತ್ತು. ಆದರೂ ಟಾರ್ಚ್ ಹಿಡಿದು ಎಣಿಸಿಯೇ ಸಮಾಧಾನಪಟ್ಟೆ.

ಆ ಬೋಲ್ಟನ್ನು ಬಿಚ್ಚುವಾಗ ಕ್ರ್ಯಾಂಕ್ ತಿರುಗದಂತೆ ತಡೆಯಬೇಕು. ಗಾಡಿಯನ್ನು ಐದನೇ ಗೇರಿಗೆ ಹಾಕಿ, ಹೆಂಡತಿಯನ್ನು ಒಳಗೆ ಕೂರಿಸಿ, ಬ್ರೇಕ್ ಒತ್ತಿ ಹಿಡಿ ಅಂದೆ. ಅವಳು ಶಾಲು ಹೊದ್ದು ಕೂತು ಬ್ರೇಕ್ ಒತ್ತಿದಳು. ಒತ್ತಿಕೊಂಡೇ ಅಕ್ಕನಿಗೆ ಫೋನ್ ಹಚ್ಚಿದಳು. ಮೈಸೂರಿನ ಒಂದು ಮದುವೆಯ ಊಟ ಎಲೆಯ ತುದಿಯ ಉಪ್ಪಿನಕಾಯಿಯಿಂದ ಮಜ್ಜಿಗೆಯವರೆಗೆ ವರ್ಣನೆಯಾಗುತ್ತಿರಲು, ನಾನು ಮುಂದೆ ನೆಲದ ಮೇಲೆ ಕೂತು ಉದ್ದನೆಯ ಪೈಪು ಸಿಕ್ಕಿಸಿದ ಪಾನಾ ಹಿಡಿದು ಜಗ್ಗುತ್ತಿದ್ದೆ. ಕಟ್ ಅಂತ ಸದ್ದಾಗಿ ಬೋಲ್ಟು ಸಡಿಲವಾಯಿತು.

“ಆಯ್ತೇನ್ರೀ?”

“ಆಯ್ತು.”

“ಹಾಗಾದ್ರೆ ಕಾಲು ತೆಗೀಲಾ?” ಅಂದಳು. ಕಾಲು ತೆಗೆದಳು, ಎದ್ದು ಹೋಗಲಿಲ್ಲ. ಪಾಯಸ ಇನ್ನೂ ಬಾಕಿ ಇತ್ತು.

ಧಾರಾಳತನ ಕಾಣುವುದು ಬೆಲ್ಟ್ ಬಿಚ್ಚಿದ ಮೇಲೆ. ಎಷ್ಟೋ ಕಾರುಗಳಲ್ಲಿ ಓಡುವಾಗ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಕೈಬಿಡುತ್ತದೆ. ಈ ಎಂಜಿನ್ನಿನಲ್ಲಿ ವಾಲ್ವು ಪೂರ್ತಿ ತೆರೆದಿದ್ದರೂ ಪಿಸ್ಟನ್ನಿಗೆ ಮುಟ್ಟದಷ್ಟು ಜಾಗ ಬಿಟ್ಟಿದ್ದಾರೆ. ಬೆಲ್ಟ್ ಹರಿದರೆ ಗಾಡಿ ರಸ್ತೆ ಬದಿಯಲ್ಲಿ ನಿಲ್ಲುತ್ತದೆ, ಅಷ್ಟೇ. ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಮನೆಯಲ್ಲಿ ಕೂತು ಎಂಜಿನ್ನಿಗೆ ಕೈ ಹಾಕುವ ನನ್ನಂಥವರ ಧೈರ್ಯವೆಲ್ಲ ಆ ಕೂದಲೆಳೆಯ ಜಾಗದ ಮೇಲೆ ನಿಂತಿದೆ.

ಇನ್ನು ಹಲ್ಲಿನ ವಿಷಯ. ಎಂಜಿನ್ನಿನ ಮೇಲ್ಗಡೆ ಎರಡು ಕ್ಯಾಮ್ ಪುಲ್ಲಿ. ಗಾಳಿ ಒಳಕ್ಕೆ ಬಿಡುವ ಕಡೆಯದರ ಮೇಲೆ ‘ಐ’, ಹೊಗೆ ಹೊರಕ್ಕೆ ಬಿಡುವ ಕಡೆಯದರ ಮೇಲೆ ‘ಇ’ ಎಂದು ಇಂಗ್ಲಿಷ್ ಅಕ್ಷರ ಅಚ್ಚೊತ್ತಿರುತ್ತದೆ. ಎರಡೂ ಗುರುತು ನೆಟ್ಟಗೆ ಮೇಲಕ್ಕೆ ನಿಂತಾಗ ನಡುವೆ ಹಾದುಹೋಗುವ ಬೆಲ್ಟಿನಲ್ಲಿ ಹತ್ತೊಂಬತ್ತು ಹಲ್ಲು ಇರಬೇಕು. ಹದಿನೆಂಟು ಆಗಬಾರದು, ಇಪ್ಪತ್ತೂ ಆಗಬಾರದು. ಆದರೆ ಕ್ಯಾಮಿನ ಕೆಳಗೆ ವಾಲ್ವುಗಳ ಸ್ಪ್ರಿಂಗು ಒತ್ತುತ್ತಿರುತ್ತದಲ್ಲ, ಒಂದು ಪುಲ್ಲಿಯನ್ನು ನೇರ ಮಾಡಿ ಕೈ ಬಿಟ್ಟರೆ ಮುನಿಸಿಕೊಂಡು ಪಕ್ಕಕ್ಕೆ ಜಿಗಿಯುತ್ತದೆ. ಅದನ್ನು ಪಾನಾದಲ್ಲಿ ಹಿಡಿದು, ಇನ್ನೊಂದಕ್ಕೆ ಬೆಲ್ಟ್ ಏರಿಸಿ, ಕರಿ ರಬ್ಬರಿನ ಮೇಲೆ ಸೀಮೆಸುಣ್ಣದ ಚುಕ್ಕೆಯಿಡುತ್ತಾ ಎಣಿಸಬೇಕು. ನಾನು ಎಣಿಸುವುದು ಕನ್ನಡದಲ್ಲೇ. ಆಫೀಸಿನ ಲೆಕ್ಕಕ್ಕೆ ಇಂಗ್ಲಿಷ್ ಆದೀತು, ಬೆರಳು ಮುಟ್ಟಿ ಎಣಿಸುವಾಗ ಬಾಯಿಗೆ ಬರುವುದು ಒಂದು, ಎರಡೇ. ಹತ್ತೊಂಬತ್ತು ಬಂತು. ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಮೇಲೆ ಬಂದಾಗ ಮತ್ತೊಮ್ಮೆ ಎಣಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟಿದ್ದರಿಂದ ಎಂಜಿನ್ ಬೆಣ್ಣೆಯಂತೆ ತಿರುಗುತ್ತಿತ್ತು. ಆ ಎರಡು ಸುತ್ತುಗಳನ್ನು ಬೇಕೆಂದೇ ನಿಧಾನವಾಗಿ ತಿರುಗಿಸಿದೆ. ಗಾಡಿ ಓಡುವಾಗ ನಿಮಿಷಕ್ಕೆ ಸಾವಿರಾರು ಸಲ ಕಣ್ಣಿಗೆ ಕಾಣದೆ ಆಗಿಹೋಗುವ ಕೆಲಸ, ಈಗ ನನ್ನ ರಟ್ಟೆಯ ವೇಗದಲ್ಲಿ ನಡೆಯುತ್ತಿತ್ತು. ಒಂದು ವಾಲ್ವು ಬಗ್ಗಿ ಏಳುತ್ತಿದ್ದಂತೆ ಪಕ್ಕದ್ದು ಬಗ್ಗುತ್ತಿತ್ತು.

ಕೈ ಬಿಗಿ ಹಿಡಿದದ್ದು ಎಂಜಿನ್ನಿನ ಬೆನ್ನ ಹಿಂದೆ. ಈ ಎಂಜಿನ್ ಬಂದದ್ದು ಮಾಜ್ದಾ 323 ಎಂಬ ಸಾದಾ ಕಾರಿನಿಂದ. ಅಲ್ಲಿ ಅಡ್ಡಡ್ಡ ಕೂತಿದ್ದಾಗ ತಣ್ಣೀರು ಒಂದು ತುದಿಯಲ್ಲಿ ಒಳಹೊಕ್ಕು, ನಾಲ್ಕೂ ಸಿಲಿಂಡರುಗಳನ್ನು ಮಾತಾಡಿಸಿಕೊಂಡು, ಇನ್ನೊಂದು ತುದಿಯಲ್ಲಿ ಹೊರಬರುತ್ತಿತ್ತು. ಮಿಯಾಟಾದಲ್ಲಿ ಉದ್ದುದ್ದ ಕೂರಿಸಿದಾಗ ಆ ತುದಿ ಗೋಡೆಗೆ ಒತ್ತಿಕೊಂಡಿತು. ನೀರು ಹೊರಬರುವ ಬಾಯನ್ನು ಮುಂದಕ್ಕೆ ತಂದರು, ಹಿಂದಿನದಕ್ಕೆ ರಬ್ಬರಿನ ಬಿರಡೆ ಜಡಿದರು. ಈಗ ಹಿಂದಿನ ಸಿಲಿಂಡರುಗಳಿಗೆ ಮುಂದಿನವಕ್ಕೆ ಸಿಗುವಷ್ಟು ನೀರಿಲ್ಲ. ಬಿರಡೆ ಕಿತ್ತು, ಅಲ್ಲಿಂದ ರೇಡಿಯೇಟರಿಗೆ ಹೊಸ ದಾರಿ ಮಾಡಿಕೊಡುವುದೇ ನನ್ನ ‘ಅಪ್‌ಗ್ರೇಡ್’. ನಿಜ ಹೇಳಬೇಕೆಂದರೆ ಟರ್ಬೊ ಹಾಕಿಸಿದವರಿಗೆ, ರೇಸಿಗೆ ಹೋಗುವವರಿಗೆ ಇದು ಬೇಕು. ಭಾನುವಾರ ದೇವಸ್ಥಾನಕ್ಕೆ ಹೋಗಿಬರುವ ಗಾಡಿಗೆ ಏನೂ ಬೇಕಿರಲಿಲ್ಲ. ಕೊನೆಯಲ್ಲಿ ಕೂತವನಿಗೆ ಸಾರು ಬಡಿಸದೆ ಎದ್ದುಬಿಟ್ಟರಲ್ಲ ಎಂದು ನನಗೇ ತಡೆಯಲಾಗಲಿಲ್ಲ.

ಅಲ್ಲೇ ಪಕ್ಕದಲ್ಲಿ, ಬೆರಳಷ್ಟೇ ತೂರುವ ಸಂದಿಯಲ್ಲಿ, ಕ್ಯಾಮ್ ಆ್ಯಂಗಲ್ ಸೆನ್ಸರ್ ಇದೆ. ಅದರ ಸುತ್ತಿನ ರಬ್ಬರ್ ಬಳೆ ಗಟ್ಟಿಯಾಗಿ ಎಣ್ಣೆ ಒಸರುವುದು ಈ ಕಾರುಗಳ ಕುಲರೋಗ. ಹಳೆಯ ಬಳೆ ಹೊರತೆಗೆದರೆ ಬಾಗಲೂ ಇಲ್ಲ, ಪಟಕ್ಕನೆ ಎರಡು ತುಂಡಾಯಿತು. ಇದೇ ಸೆನ್ಸರನ್ನು ಒಂಚೂರು ತಿರುಗಿಸಿದರೆ ಕಿಡಿ ಹಾರುವ ಹೊತ್ತು ಬದಲಾಗುತ್ತದೆ. ಕಂಪನಿ ಇಟ್ಟದ್ದು ಹತ್ತು ಡಿಗ್ರಿಗೆ. ಮಿಯಾಟಾದವರೆಲ್ಲ ಹದಿನಾಲ್ಕಕ್ಕೆ ಇಟ್ಟುಕೊಳ್ಳುತ್ತಾರೆ. ಬೇಕಾದ್ದು ಟೈಮಿಂಗ್ ಲೈಟು, ಒಂದು ತುಂಡು ತಂತಿ, ಹನ್ನೆರಡರ ಪಾನಾ. ಕೆಳಗಿನ ವೇಗದಲ್ಲಿ ಗಾಡಿ ಚುರುಕಾಯಿತು. ಈ ಚಳಿಗಾಲದ ಕೆಲಸಗಳಲ್ಲೆಲ್ಲ ಕಾಲಿಗೆ ಗೊತ್ತಾದದ್ದು ಇದೊಂದೇ, ಖರ್ಚಾಗದ್ದೂ ಇದೊಂದೇ. ಈಗ ಬಂಕಿನಲ್ಲಿ ದುಬಾರಿ ಪೆಟ್ರೋಲು ಹಾಕಿಸಬೇಕು ಅನ್ನುವುದು ಬೇರೆ ಮಾತು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಟಿಕ್. ನಮ್ಮೂರಿನ ಗ್ಯಾರೇಜಿನಲ್ಲಿ ಅಂಬಾಸಿಡರಿನ ಟ್ಯಾಪೆಟ್ ಬಿಗಿಯುತ್ತಿದ್ದ ಮೇಸ್ತ್ರಿಯೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನೂ ಹಾಗೇ ಕೇಳಿದೆ. ಸದ್ದು ಮೂರನೆಯ ಸಿಲಿಂಡರಿನ ಮೇಲಿನದು. ಆದರೆ ಇಲ್ಲಿ ಬಿಗಿಯುವುದಕ್ಕೆ ಏನೂ ಇಲ್ಲ. ಈ ಟ್ಯಾಪೆಟ್ಟುಗಳು ಎಣ್ಣೆಯ ಒತ್ತಡದಲ್ಲಿ ತಾವೇ ಸರಿಹೋಗುವಂಥವು, ಖಾಲಿಯಾದವು ತುಂಬಿಕೊಳ್ಳುವ ತನಕ ಕಾಯಬೇಕು. ಕಾಫಿ ಮುಗಿಯುವ ಹೊತ್ತಿಗೆ ಟಿಕ್ ಟಿಕ್ ನಿಂತಿತು. ಮೇಸ್ತ್ರಿಗೆ ಈ ಎಂಜಿನ್ ಹಿಡಿಸುತ್ತಿರಲಿಲ್ಲ ಅನ್ನಿಸುತ್ತದೆ.

“ಎಷ್ಟು ದುಡ್ಡು ಉಳೀತು?” ಅಂತ ಅಮ್ಮ ಕೇಳಿದರು. ಕೂಲಿಯಲ್ಲಿ ಉಳಿದದ್ದು ಟಾರ್ಕ್ ರೆಂಚು, ಪುಲ್ಲರು, ಟೈಮಿಂಗ್ ಲೈಟು ಆಗಿ ಗೋಡೆಗೆ ನೇತುಬಿದ್ದಿದೆ ಎಂದೆ. ಇದನ್ನೆಲ್ಲ ಗೇಟಿನಾಚೆಯಿಂದ ದಿನಾ ನೋಡುತ್ತಿದ್ದ ಪಕ್ಕದ ಮನೆಯವನು ಒಂದು ಶನಿವಾರ ಬೆಳಿಗ್ಗೆ ತನ್ನ ಕಾರನ್ನು ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ, ನನಗೂ ಬೆಲ್ಟ್ ಹಾಕಿಕೊಡು ಅಂತ. ಬಾನೆಟ್ ಎತ್ತಿ ನೋಡಿದೆ. ಅವನದರಲ್ಲಿ ಬೆಲ್ಟೇ ಇಲ್ಲ, ಚೈನು. ಬದಲಿಸುವಂಥದ್ದೇನೂ ಇಲ್ಲ ಕಣಪ್ಪ, ಆರಾಮಾಗಿ ಓಡಿಸು ಎಂದೆ. ಅವನಿಗೆ ಬಹಳ ನಿರಾಸೆಯಾಯಿತು. ಸ್ವಲ್ಪ ಹೊತ್ತು ನಿಂತಿದ್ದು, ಹಾಗಾದರೆ ಸ್ಪಾರ್ಕ್ ಪ್ಲಗ್ಗಾದರೂ ಬಿಚ್ಚಿ ನೋಡೋಣವೇ ಎಂದು ಕೇಳಿದ.