ಜೊತೆಗಾರನೊ, ಕೈಗೊಂಬೆಯೊ?

‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂಬುದು ಕನ್ನಡದ ಹಳೆಯ ಗಾದೆ. ಬೇಸಾಯಗಾರನ ಅನುಭವದಿಂದ ಹುಟ್ಟಿದ ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಒಡೆಯನು ಬದುವಿನ ಮೇಲೆ ನಿಂತಿರುವಾಗ ಸಾಗುವ ಉಳುಮೆಗೂ ಅವನು ಮನೆಯಲ್ಲಿ ಮಲಗಿರುವಾಗ ಸಾಗುವ ಉಳುಮೆಗೂ ಅಂತರವಿರುವುದು ಸಹಜವೇ. ಆದರೆ ಈ ಗಾದೆಯನ್ನು ಅಕ್ಷರಶಃ ನಂಬಿ ನಡೆಯುವವನು ತನ್ನ ಎರಡು ಕೈಗಳಿಗೆ ಎಟಕುವಷ್ಟು ನೆಲವನ್ನು ಮಾತ್ರ ಉಳಬಲ್ಲನು. ದೊಡ್ಡ ಕೆಲಸಕ್ಕೆ ತೊಡಗಿದವನು ಇತರರ ಕೈಗಳನ್ನು ನಂಬಲೇಬೇಕು. ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಎಂಬ ಪ್ರಶ್ನೆ ಹೊಲದಲ್ಲಿಯೂ ಮನೆಯಲ್ಲಿಯೂ ರಾಜ್ಯಭಾರದಲ್ಲಿಯೂ ಏಳುತ್ತದೆ. ಕೇವಲ ವಿನೋದಕ್ಕಾಗಿ ಹುಟ್ಟಿದ ಗಣಕಯಂತ್ರದ ಆಟಗಳಲ್ಲಿಯೂ ಇದೇ ಪ್ರಶ್ನೆ ಎದ್ದು, ಆಟಗಾರರನ್ನು ಮೂರು ದಶಕಗಳಿಗೂ ಮೀರಿ ಕಾಡುತ್ತ ಬಂದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು.

ಪಾತ್ರಧಾರಣೆಯ ಆಟಗಳೆಂದು ಕರೆಯಬಹುದಾದ ಈ ಆಟಗಳ ಮೂಲವಿರುವುದು ಯಂತ್ರದಲ್ಲಲ್ಲ, ಒಂದು ಮೇಜಿನ ಸುತ್ತ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಅದರಲ್ಲಿ ಒಬ್ಬನು ಕಥೆಯನ್ನು ನಡೆಸುವನು. ಉಳಿದವರು ಒಬ್ಬೊಬ್ಬರು ಒಂದೊಂದು ವೇಷ ಧರಿಸುವರು. ಒಬ್ಬನು ಯೋಧ, ಇನ್ನೊಬ್ಬನು ಮಾಂತ್ರಿಕ, ಮತ್ತೊಬ್ಬನು ಗಾಯ ಮಾಯಿಸುವ ಪುರೋಹಿತ. ನೆಲಮಾಳಿಗೆಯ ಕತ್ತಲಲ್ಲಿ ಭೂತಬೇತಾಳಗಳೊಡನೆ ಅವರ ಕಾದಾಟ. ಗೆಲವು ಸೋಲುಗಳ ತೀರ್ಪು ದಾಳಗಳದು. ಈ ಆಟದಲ್ಲಿ ಯೋಧನ ವೇಷದವನು ಮಾಂತ್ರಿಕನಿಗೆ ಆಜ್ಞೆ ಮಾಡುವಂತಿರಲಿಲ್ಲ. ಕೇಳಿಕೊಳ್ಳಬಹುದಾಗಿತ್ತು, ವಾದಿಸಬಹುದಾಗಿತ್ತು, ಕೋಪಿಸಿಕೊಳ್ಳಬಹುದಾಗಿತ್ತು. ಏಕೆಂದರೆ ಪ್ರತಿಯೊಂದು ಕುರ್ಚಿಯಲ್ಲಿಯೂ ಸ್ವಂತ ಬುದ್ಧಿಯುಳ್ಳ ಒಬ್ಬ ಗೆಳೆಯನು ಕುಳಿತಿದ್ದನು.

ಈ ಆಟವು ಗಣಕಯಂತ್ರದೊಳಗೆ ಪ್ರವೇಶಿಸಿದಾಗ ಆ ಕುರ್ಚಿಗಳು ಬರಿದಾದುವು. ಪರದೆಯ ಮುಂದೆ ಕುಳಿತಿರುವವನು ಒಬ್ಬನೇ. ಪರದೆಯೊಳಗೆ ನಡೆಯುತ್ತಿರುವ ತಂಡದಲ್ಲಿ ನಾಲ್ಕಾರು ಮಂದಿ. ಅವರನ್ನು ನಡೆಸುವವರು ಯಾರು? ಮೊದಲಿಗೆ ದೊರೆತ ಉತ್ತರ ಸರಳವಾಗಿತ್ತು: ಎಲ್ಲರನ್ನೂ ಆಟಗಾರನೇ ನಡೆಸಲಿ. 1981ರಲ್ಲಿ ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿದ ‘ವಿಝರ್ಡ್ರಿ’ ಎಂಬ ಆಟದಲ್ಲಿ ಆರು ಮಂದಿಯ ತಂಡವಿತ್ತು. ಕಾಳಗದ ಪ್ರತಿಯೊಂದು ಸುತ್ತಿನಲ್ಲಿಯೂ ಯಾರು ಹೊಡೆಯಬೇಕು, ಯಾರು ಮಂತ್ರ ಹೇಳಬೇಕು, ಯಾರು ಆತ್ಮರಕ್ಷಣೆ ಮಾಡಿಕೊಳ್ಳಬೇಕು ಎಂಬುದೆಲ್ಲವನ್ನೂ ಆಟಗಾರನೊಬ್ಬನೇ ನಿರ್ಧರಿಸುತ್ತಿದ್ದನು. ಚದುರಂಗ ಆಡುವವನು ಕಾಲಾಳನ್ನೂ ಕುದುರೆಯನ್ನೂ ತಾನೇ ನಡೆಸುವಂತೆ ಇದು. ಇದರಲ್ಲಿ ಒಂದು ದೊಡ್ಡ ಸುಖ ಉಂಟು: ಗೆದ್ದರೆ ಬುದ್ಧಿ ತನ್ನದು, ಸೋತರೆ ತಪ್ಪು ತನ್ನದು. ಒಂದು ಕೊರತೆಯೂ ಉಂಟು: ಆರು ಮಂದಿ ಜೊತೆಗಿದ್ದರೂ ಆಟಗಾರನು ಒಂಟಿ.

ಈ ಒಂಟಿತನವನ್ನು ನೀಗಿಸುವ ದಿಟ್ಟ ಪ್ರಯತ್ನವೊಂದು ಜಪಾನಿನಲ್ಲಿ ನಡೆಯಿತು. ಯೂಜಿ ಹೋರಿ ಎಂಬಾತನು ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’ ಆಟ 1986ರಲ್ಲಿ ಹೊರಬಂದಾಗ ಅದರಲ್ಲಿ ನಾಯಕನು ಒಬ್ಬನೇ ಇದ್ದನು. 1987ರ ಎರಡನೆಯ ಆಟದಲ್ಲಿ ಮೂವರಾದರು. 1988ರ ಮೂರನೆಯದರಲ್ಲಿ ನಾಲ್ವರಾದರು. ಇವರೆಲ್ಲರೂ ಆಟಗಾರನ ಕೈಯಳತೆಯಲ್ಲಿಯೇ ಇದ್ದರು. 1990ರ ಫೆಬ್ರವರಿಯಲ್ಲಿ ಬಂದ ನಾಲ್ಕನೆಯ ಆಟವು ಬೇರೊಂದು ದಾರಿ ಹಿಡಿಯಿತು. ಅದು ಐದು ಅಧ್ಯಾಯಗಳ ಕಥೆ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಒಬ್ಬ ಸೈನಿಕ, ಕಾದಾಟವೆಂದರೆ ಹಿಗ್ಗುವ ಒಬ್ಬ ರಾಜಕುಮಾರಿ ಮತ್ತು ಅವಳ ಇಬ್ಬರು ಸಂಗಡಿಗರು, ಒಬ್ಬ ವ್ಯಾಪಾರಿ, ಇಬ್ಬರು ಅಕ್ಕತಂಗಿಯರು ಹೀಗೆ ಬೇರೆ ಬೇರೆ ಜನರ ಬಾಳು ಚಿತ್ರಿತವಾಗಿದೆ. ಆಟಗಾರನು ಅವರೊಳಗೆ ಹೊಕ್ಕು, ಅವರೇ ತಾನಾಗಿ ಅಲೆಯುತ್ತಾನೆ. ಐದನೆಯ ಅಧ್ಯಾಯದಲ್ಲಿ ಮುಖ್ಯ ನಾಯಕನು ಕಾಣಿಸಿಕೊಳ್ಳುತ್ತಾನೆ. ಹಿಂದಿನವರೆಲ್ಲರೂ ಒಬ್ಬೊಬ್ಬರಾಗಿ ಬಂದು ಅವನನ್ನು ಸೇರುತ್ತಾರೆ.

ಆಗ ಆಟಗಾರನಿಗೊಂದು ಆಶ್ಚರ್ಯ ಕಾದಿರುತ್ತದೆ. ನಿನ್ನೆಯವರೆಗೆ ತನ್ನ ಬೆರಳ ತುದಿಯಲ್ಲಿ ನಡೆಯುತ್ತಿದ್ದ ಆ ಜನ ಇಂದು ಕಾಳಗದಲ್ಲಿ ತಮ್ಮಷ್ಟಕ್ಕೆ ತಾವೇ ಯೋಚಿಸಿ ವರ್ತಿಸುತ್ತಾರೆ! ನಾಯಕನೊಬ್ಬನಿಗೆ ಮಾತ್ರ ಆಟಗಾರನು ನೇರವಾಗಿ ಆಜ್ಞೆ ಕೊಡಬಲ್ಲನು. ಉಳಿದವರಿಗೆ ‘ನುಗ್ಗಿ ನಡೆಯಿರಿ’, ‘ಪ್ರಾಣ ಮುಖ್ಯ’, ‘ಮಂತ್ರ ಬಳಸಬೇಡಿ’ ಎಂಬಂತಹ ಒಟ್ಟಾರೆಯ ಸೂಚನೆಗಳನ್ನು ಕೊಡಬಹುದೇ ಹೊರತು ಇಂಥದನ್ನೇ ಮಾಡಿರೆಂದು ಹೇಳುವಂತಿಲ್ಲ. ಅನುಭವದಿಂದ ಅವರು ಕಲಿಯುವಂತೆಯೂ ಏರ್ಪಾಡು ಮಾಡಲಾಗಿತ್ತು. ಇಡೀ ಆಟವಿದ್ದ ಸ್ಮರಣಕೋಶದ ಗಾತ್ರ ಕೇವಲ 512 ಕಿಲೊಬೈಟ್. ಇಂದಿನ ಕೈಫೋನಿನಲ್ಲಿ ತೆಗೆದ ಒಂದೇ ಒಂದು ಚಿತ್ರ ಇದಕ್ಕಿಂತ ಹಲವು ಪಟ್ಟು ಹೆಚ್ಚಿನ ಜಾಗವನ್ನು ಬೇಡುತ್ತದೆ. ಅಷ್ಟು ಇಕ್ಕಟ್ಟಿನೊಳಗೆ ಮನುಷ್ಯಬುದ್ಧಿಯ ನೆರಳನ್ನಾದರೂ ಮೂಡಿಸಲು ಹೊರಟ ಸಾಹಸವನ್ನು ಮೆಚ್ಚಲೇಬೇಕು.

ಆದರೆ ಸಾಹಸದ ಫಲವನ್ನು ಉಂಡವರು ಆಟಗಾರರು! ರಾಜಕುಮಾರಿಯ ಸಂಗಡಿಗರಲ್ಲಿ ಕ್ಲಿಫ್ಟ್ ಎಂಬ ತರುಣ ಪುರೋಹಿತನೊಬ್ಬನಿದ್ದಾನೆ. ಗಾಯಗೊಂಡವರನ್ನು ಉಪಚರಿಸುವುದು ಅವನ ಮುಖ್ಯ ವಿದ್ಯೆ. ಇದರೊಡನೆ ಶತ್ರುಗಳ ಗುಂಪನ್ನು ಒಂದೇ ಏಟಿಗೆ ಸಾಯಿಸಬಲ್ಲ ‘ಜರಾಕಿ’ ಎಂಬ ಮಂತ್ರವೂ ಅವನಿಗೆ ಕರಗತವಾಗುತ್ತದೆ. ಈ ಮಂತ್ರ ಸಾಮಾನ್ಯ ಶತ್ರುಗಳ ಮೇಲೆ ನಡೆದೀತು. ರಾಕ್ಷಸನಾಯಕರ ಮುಂದೆ ನಡೆಯದು. ಕ್ಲಿಫ್ಟನಿಗೆ ಇದು ತಿಳಿಯದು. ಎದುರಿಗೆ ಭಾರಿ ರಾಕ್ಷಸನು ನಿಂತಿದ್ದಾನೆ, ಪಕ್ಕದಲ್ಲಿ ಸಂಗಡಿಗರು ಏಟು ತಿಂದು ಬಳಲಿದ್ದಾರೆ. ಕ್ಲಿಫ್ಟನಾದರೋ ಏಕಾಗ್ರಚಿತ್ತದಿಂದ ಜರಾಕಿಯನ್ನೇ ಜಪಿಸುತ್ತಿದ್ದಾನೆ. ದೊಡ್ಡ ಶತ್ರುಗಳು ಪದೇ ಪದೇ ಎದುರಾಗುವವರಲ್ಲವಾದುದರಿಂದ ಅನುಭವದಿಂದ ಕಲಿಯುವ ಶಿಷ್ಯನಿಗೆ ಕಲಿಯಲು ಅವಕಾಶವೇ ಅಪರೂಪ. ತಂಡವೆಲ್ಲ ನೆಲಕ್ಕುರುಳಿದರೆ ಗಳಿಸಿದ ಹಣದಲ್ಲಿ ಅರ್ಧ ನಷ್ಟ. ಆಟಗಾರನು ಹಲ್ಲು ಕಡಿಯುತ್ತ ಮತ್ತೆ ಮೊದಲಿನಿಂದ ಪಯಣ ಹೊರಡಬೇಕು.

ತಪ್ಪು ಯಾರದು? ಕ್ಲಿಫ್ಟನದೇ ಎನ್ನುವುದು ಸುಲಭ. ಆದರೆ ಅದೇ ಆಟದಲ್ಲಿ ತಂಡದ ಹಿಂದೆ ಒಂದು ಬಂಡಿಯೂ ಸಾಗುತ್ತಿತ್ತು. ಕಾಳಗಕ್ಕೆ ಒದಗದವರನ್ನು ಅದರಲ್ಲಿ ಕುಳ್ಳಿರಿಸಿ ತಕ್ಕವರನ್ನು ಮುಂದೆ ನಿಲ್ಲಿಸುವ ಸ್ವಾತಂತ್ರ್ಯ ಆಟಗಾರನಿಗೆ ಇದ್ದೇ ಇತ್ತು. ಸೂಚನೆಯನ್ನು ಬದಲಾಯಿಸುವ ಅಧಿಕಾರವೂ ಇತ್ತು. ಕೈಗೆ ಕಡಿವಾಣ ಸಿಗದಿದ್ದರೂ ಯಾವ ಕುದುರೆಯನ್ನು ಹೂಡಬೇಕೆಂಬುದು ಅವನ ಆಯ್ಕೆಯೇ ಆಗಿತ್ತು. ಹೀಗಿದ್ದರೂ ಸೋಲಿನ ಹೊರೆಯನ್ನು ಸಂಪೂರ್ಣವಾಗಿ ಅವನ ಹೆಗಲಿಗೇರಿಸುವುದು ನ್ಯಾಯವಾಗದು. ಮಾತು ಕೇಳದ ಜೊತೆಗಾರನನ್ನು ಕೊಟ್ಟವರು ಆಟವನ್ನು ಕಟ್ಟಿದವರೇ ತಾನೆ? ಕಟ್ಟಿದವರು ಈ ಮಾತನ್ನು ಮನಗಂಡಿರಬೇಕು. 1992ರಲ್ಲಿ ಬಂದ ಐದನೆಯ ಆಟದಲ್ಲಿ ಸೂಚನೆಗಳ ಸಾಲಿಗೆ ‘ಆಜ್ಞೆಯಂತೆ ನಡೆಯಿರಿ’ ಎಂಬರ್ಥದ ಇನ್ನೊಂದು ಸೇರಿತು. ಬೇಕಾದವರು ಬಿಟ್ಟುಕೊಡಬಹುದು, ಬೇಡವಾದವರು ತಾವೇ ನಡೆಸಬಹುದು.

ಇತಿಹಾಸ ಮರುಕಳಿಸುತ್ತದೆ ಎಂಬ ಮಾತು ಆಟಗಳಿಗೂ ಸಲ್ಲುತ್ತದೆ. 2006ರಲ್ಲಿ ಜಪಾನಿನಲ್ಲಿಯೇ ಪ್ರಕಟವಾದ ‘ಪರ್ಸೋನಾ 3’ ಎಂಬ ಆಟದ ಪಾತ್ರಗಳು ಪ್ರೌಢಶಾಲೆಯ ವಿದ್ಯಾರ್ಥಿಗಳು. ಸ್ನೇಹದ ಬಂಧಗಳೇ ಅದರ ಕಥೆಯ ತಿರುಳು. ಅದರಲ್ಲಿಯೂ ಆಟಗಾರನು ನಾಯಕನಿಗೆ ಮಾತ್ರ ನೇರವಾಗಿ ಆಜ್ಞಾಪಿಸಬಲ್ಲನು. ಉಳಿದವರಿಗೆ ಸೂಚನೆ ಮಾತ್ರ. ಗೆಳೆಯರನ್ನು ಕುರಿತ ಕಥೆಯಲ್ಲಿ ಗೆಳೆಯರು ಸ್ವತಂತ್ರರಾಗಿರುವುದು ಉಚಿತವೇ. ಆದರೂ ಮಿತ್ಸುರು ಎಂಬ ಹಿರಿಯ ವಿದ್ಯಾರ್ಥಿನಿಯು ಸಮಯಾಸಮಯವನ್ನು ನೋಡದೆ ‘ಮಾರಿನ್ ಕಾರಿನ್’ ಎಂಬ ಮೋಹನಮಂತ್ರವನ್ನು ಶತ್ರುಗಳ ಮೇಲೆ ಬೀರಿ ಆಟಗಾರರ ತಾಳ್ಮೆಯನ್ನು ಪರೀಕ್ಷಿಸಿದಳು. 2009ರಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕಾಗಿ ಅದೇ ಆಟವನ್ನು ಮರಳಿ ರೂಪಿಸಿದಾಗ ಎಲ್ಲರನ್ನೂ ನೇರವಾಗಿ ನಡೆಸುವ ಅವಕಾಶವನ್ನು ಕಲ್ಪಿಸಲಾಯಿತು.

ಇಷ್ಟರಿಂದ ಗಾದೆಯೇ ಗೆದ್ದಿತು ಎನ್ನಬಹುದೆ? ಅಲ್ಲೊಂದು ವಿಚಿತ್ರವುಂಟು. ವರ್ಷಗಳು ಉರುಳಿದ ಮೇಲೂ ಆ ಆಟಗಳನ್ನಾಡಿದವರು ಕ್ಲಿಫ್ಟನನ್ನೂ ಮಿತ್ಸುರುವನ್ನೂ ನೆನೆದು ನಗುತ್ತಾರೆ. ಆ ನಗೆಯಲ್ಲಿ ಕೋಪಕ್ಕಿಂತ ಅಕ್ಕರೆಯೇ ಹೆಚ್ಚು. ತಾನೇ ನಡೆಸಿದ ಗೊಂಬೆಯ ತಪ್ಪನ್ನು ಯಾರೂ ಹೀಗೆ ನೆನೆಯುವುದಿಲ್ಲ. ಅದು ಗೊಂಬೆಯ ತಪ್ಪಲ್ಲ, ತನ್ನದೇ ತಪ್ಪು. ತನ್ನ ಇಚ್ಛೆಗೆ ವಿರುದ್ಧವಾಗಿ ನಡೆದವನು ಮಾತ್ರ ತನ್ನಿಂದ ಬೇರೆಯಾದ ಒಬ್ಬ ವ್ಯಕ್ತಿಯಾಗಿ ತೋರುತ್ತಾನೆ. ಇನ್ನು ಬೇರೆಯವನ ಬುದ್ಧಿ ಯಾವಾಗಲೂ ತಪ್ಪಾಗಿಯೇ ಇರಬೇಕೆಂದೂ ಇಲ್ಲ. ಗುರಿಯನ್ನು ಕೊರಳಿಗಿಡದೆ ಎದೆಗಿಡು ಎಂದ ಶಲ್ಯನ ಮಾತಿಗೆ ಕರ್ಣನು ಕಿವಿಗೊಡಲಿಲ್ಲ. ಬಾಣವು ಅರ್ಜುನನ ಕಿರೀಟವನ್ನು ಮಾತ್ರ ಹಾರಿಸಿತು. ಸಾರಥಿಯನ್ನು ಬರಿಯ ಕೈಯೆಂದು ಬಗೆದವನಿಗೆ ಸಾರಥಿಯ ಕಣ್ಣು ಒದಗಲಿಲ್ಲ.

ಹಾಗಾದರೆ ಕೈಗೊಂಬೆಗೂ ಕ್ಲಿಫ್ಟನಿಗೂ ನಡುವೆ ಬೇರೊಂದು ದಾರಿ ಇಲ್ಲವೆ? 2006ರಲ್ಲಿಯೇ ಬಂದ ‘ಫೈನಲ್ ಫ್ಯಾಂಟಸಿ 12’ ಎಂಬ ಆಟ ಅಂತಹ ದಾರಿಯೊಂದನ್ನು ತೋರಿತು. ಅದರ ಹೆಸರು ‘ಗ್ಯಾಂಬಿಟ್’. ಪ್ರತಿಯೊಬ್ಬ ಜೊತೆಗಾರನಿಗೂ ಆಟಗಾರನು ಮೊದಲೇ ಒಂದು ಪಟ್ಟಿಯನ್ನು ಬರೆದಿಡುತ್ತಾನೆ. ಪಟ್ಟಿಯ ಒಂದೊಂದು ಸಾಲಿನಲ್ಲಿಯೂ ಒಂದು ಸಂದರ್ಭ, ಅದಕ್ಕೆ ತಕ್ಕ ಒಂದು ಕ್ರಿಯೆ. ‘ಸಂಗಡಿಗನ ಪ್ರಾಣಬಲ ನೂರಕ್ಕೆ ಮೂವತ್ತಕ್ಕಿಂತ ಇಳಿದಿದ್ದರೆ ಉಪಚರಿಸು’ ಎಂಬುದು ಒಂದು ಸಾಲು. ‘ಹತ್ತಿರದ ಶತ್ರುವನ್ನು ಹೊಡೆ’ ಎಂಬುದು ಇನ್ನೊಂದು. ಇಂತಹ ಸಾಲುಗಳನ್ನು ಹನ್ನೆರಡರವರೆಗೆ ಬೆಳೆಸಬಹುದು. ಜೊತೆಗಾರನು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ, ಯಾವ ಸಾಲಿನ ಸಂದರ್ಭ ಮೊದಲು ಒದಗುವುದೋ ಅದರಂತೆ ನಡೆಯುತ್ತಾನೆ. ತುರ್ತು ಬಂದಾಗ ಆಟಗಾರನು ನಡುವೆ ಬಂದು ನೇರವಾಗಿ ಆಜ್ಞೆ ಕೊಡಲೂಬಹುದು.

ಮೇಲ್ನೋಟಕ್ಕೆ ಇದು ಸೋಮಾರಿಗಳ ಸಾಧನವೆಂದು ತೋರುತ್ತದೆ. ಪಟ್ಟಿ ಬರೆದವನು ಕೈಕಟ್ಟಿ ಕುಳಿತರೆ ಆಟ ತನ್ನಷ್ಟಕ್ಕೆ ತಾನೇ ಸಾಗುತ್ತದೆ ಎಂದು ಆಕ್ಷೇಪಿಸಿದವರೂ ಉಂಟು. ಆದರೆ ಪಟ್ಟಿ ಬರೆಯುವುದು ಎಷ್ಟು ಕಠಿನವೆಂಬುದು ಬರೆದವನಿಗೇ ಗೊತ್ತು. ಶತ್ರುವನ್ನು ಹೊಡೆಯುವ ಸಾಲನ್ನು ಮೇಲಿಟ್ಟು ಉಪಚಾರದ ಸಾಲನ್ನು ಕೆಳಗಿಟ್ಟನೆನ್ನೋಣ. ಶತ್ರು ಎದುರಿಗಿರುವವರೆಗೂ ಮೊದಲನೆಯ ಸಾಲೇ ನಡೆಯುತ್ತದೆ. ಎರಡನೆಯದರ ಸರದಿ ಬರುವುದೇ ಇಲ್ಲ. ಪಕ್ಕದಲ್ಲಿ ಸಂಗಡಿಗನು ಕುಸಿದು ಬೀಳುತ್ತಿದ್ದರೂ ಜೊತೆಗಾರನು ನಿರ್ವಿಕಾರನಾಗಿ ಕತ್ತಿ ಬೀಸುತ್ತಿರುತ್ತಾನೆ. ಆಟಗಾರನು ಬೆಚ್ಚಿ ಪಟ್ಟಿಯನ್ನು ತೆರೆದು ನೋಡುತ್ತಾನೆ. ಅಲ್ಲಿರುವುದು ತನ್ನದೇ ಕೈಬರಹ! ಗೆಲವು ಮೊದಲು, ಗೆಳೆಯನ ಪ್ರಾಣ ಆಮೇಲೆ ಎಂದು ಬರೆದವನು ತಾನೇ. ಬಾಯಿಯಿಂದ ಎಂದೂ ಆಡದಿದ್ದ ಮಾತನ್ನು ತಾನು ಸಾಲುಗಳ ಕ್ರಮದಲ್ಲಿ ಹೇಳಿಬಿಟ್ಟಿದ್ದನು. ಕ್ಲಿಫ್ಟನನ್ನು ಬೈದಂತೆ ಇಲ್ಲಿ ಯಾರನ್ನೂ ಬೈಯುವಂತಿಲ್ಲ. ಸಾಲುಗಳನ್ನು ಮೇಲೆ ಕೆಳಗೆ ಮಾಡುವಾಗ ಅವನು ತಿದ್ದುತ್ತಿರುವುದು ಯಂತ್ರವನ್ನಲ್ಲ, ತನ್ನ ಮನಸ್ಸನ್ನು.

ಎಲ್ಲವನ್ನೂ ತಾನೇ ಮಾಡುವವನಿಗೆ ತನ್ನ ಮನಸ್ಸನ್ನು ಅರಿಯುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಕ್ಷಣಕ್ಷಣಕ್ಕೂ ಅವನ ಕೈ ತೋಚಿದಂತೆ ಓಡುತ್ತದೆ. ಎಲ್ಲವನ್ನೂ ಇತರರಿಗೆ ಬಿಟ್ಟವನಿಗೂ ಆ ಅಗತ್ಯವಿಲ್ಲ. ಕೆಟ್ಟರೆ ದೂರಲು ಒಬ್ಬ ಕ್ಲಿಫ್ಟ್ ಇದ್ದೇ ಇರುತ್ತಾನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮುಂಚಿತವಾಗಿ ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬೇಕಾದವನು ಮಾತ್ರ ತನ್ನೊಳಗನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು.

ಇಂದು ದಾರಿ ತೋರಿಸುವುದು, ಪತ್ರ ಬರೆಯುವುದು, ವಾಹನ ನಡೆಸುವುದು ಮುಂತಾದ ಕೆಲಸಗಳಿಗೂ ಯಂತ್ರಬುದ್ಧಿಯನ್ನು ನೆಚ್ಚುವ ಕಾಲ ಬಂದಿದೆ. ಪರದೆಯೊಳಗಿನ ಕಾಳಗದಲ್ಲಿ ಸೋತರೆ ಹೋಗುವುದು ಸುಳ್ಳು ಹಣದ ಅರ್ಧಭಾಗ ಮಾತ್ರ. ಪರದೆಯ ಹೊರಗಿನ ನಷ್ಟ ಅಷ್ಟು ಅಗ್ಗವಾಗಿರುವುದಿಲ್ಲ. ಅಲ್ಲಿ ಮೊದಲಿನಿಂದ ಹೊರಡುವ ಅನುಕೂಲವೂ ಇಲ್ಲ. ಯಂತ್ರಕ್ಕೆ ಕೊಟ್ಟ ಪಟ್ಟಿಯಲ್ಲಿ ಗೆಳೆಯನ ಪ್ರಾಣ ಎಷ್ಟನೆಯ ಸಾಲಿನಲ್ಲಿದೆ ಎಂದು ನೋಡಿಕೊಳ್ಳಬೇಕಾದವನು ಮನುಷ್ಯನೇ. ಆಳು ಮಾಡಿದ್ದು ಹಾಳು ಎಂದ ಹಿರಿಯರ ಅನುಭವ ಸುಳ್ಳಲ್ಲ. ಆದರೆ ಆಳನ್ನು ದೂರುವ ಮುನ್ನ, ಅವನಿಗೆ ತಾನು ಏನು ಹೇಳಿ ಕಳುಹಿಸಿದ್ದೆನೆಂದು ಒಡೆಯನು ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದು.