ಯಂತ್ರದ ಉಸಿರು, ಮಿದುಳಿನ ರಕ್ತ

ಪ್ರೌಢಶಾಲೆಯಲ್ಲಿ ಉಸಿರಾಟದ ಪಾಠಕ್ಕೆ ಗಾಜಿನ ಜಾಡಿ, ಬಲೂನುಗಳ ಮಾದರಿಯನ್ನು ತೋರಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ತಳದ ರಬ್ಬರ್ ಹಾಳೆಯನ್ನು ಎಳೆದರೆ ಒಳಗಿನ ಒತ್ತಡ ತಗ್ಗಿ ಬಲೂನುಗಳು ಉಬ್ಬುತ್ತಿದ್ದವು. ನಮ್ಮ ವಪೆಯ ಕೆಲಸವೂ ಅದೇ. ಆದರೆ ಅದು ಗಾಳಿಯನ್ನಷ್ಟೇ ಅಲ್ಲ, ಮಿದುಳಿನಿಂದ ಮರಳುವ ರಕ್ತವನ್ನೂ ಎದೆಯತ್ತ ಸೆಳೆಯುತ್ತದೆ.

ವೆಂಟಿಲೇಟರಿನ ರೀತಿ ಬೇರೆ. ಅದು ಗಾಳಿಯನ್ನು ಒಳಕ್ಕೆ ದೂಡುತ್ತದೆ. 1952ರಲ್ಲಿ ಕೋಪನ್‌ಹೇಗನ್ ನಗರದ ಪೋಲಿಯೋ ಪಿಡುಗಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಹಗಲಿರುಳು ಕೈಯಿಂದ ಚೀಲ ಹಿಸುಕಿ ರೋಗಿಗಳನ್ನು ಉಳಿಸಿದ್ದು ಇದೇ ತತ್ತ್ವದಿಂದ. ಇದರಿಂದ ಎದೆಯೊಳಗಿನ ಒತ್ತಡ ಏರುತ್ತದೆ. ಅದು ಅತಿಯಾದರೆ, ಕೆಳಗಿನ ಕಾಲುವೆ ಕಟ್ಟಿದಾಗ ಮೇಲಿನ ಗದ್ದೆಯಲ್ಲಿ ನೀರು ನಿಲ್ಲುವಂತೆ, ತಲೆಯ ರಕ್ತ ಸರಾಗವಾಗಿ ಇಳಿಯದು. ಹೃದಯಕ್ಕೆ ಮರಳುವ ರಕ್ತವೂ ಕಡಿಮೆಯಾಗಿ ರಕ್ತದೊತ್ತಡ ಕುಸಿಯಬಹುದು.

ಆರೋಗ್ಯವಂತ ಮಿದುಳು ಇದನ್ನು ತಾಳಿಕೊಳ್ಳುತ್ತದೆ. ತನ್ನ ಕಿರುಧಮನಿಗಳನ್ನು ಹಿಗ್ಗಿಸಿ, ಕುಗ್ಗಿಸಿ, ಪ್ರತಿ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿ.ಲೀ. ರಕ್ತ ಹರಿಯುವಂತೆ ನೋಡಿಕೊಳ್ಳುತ್ತದೆ. ಪೆಟ್ಟು ತಿಂದ ಮಿದುಳು ಈ ಹತೋಟಿಯನ್ನು ಕಳೆದುಕೊಳ್ಳಬಹುದು. ತಲೆಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಒಳಗೆ ಬಾವು ಬಂದರೆ ರಕ್ತಕ್ಕೇ ಎಡೆಯಿರದು.

ಕೆಲವು ವರ್ಷಗಳ ಹಿಂದೆ ದೇವನಹಳ್ಳಿಯ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ನನ್ನ ತಂಗಿಯ ಮಗ ಬೆಂಗಳೂರಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿದ್ದನು. ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಮುದುಡದಂತೆ ಯಂತ್ರ ಉಳಿಸುವ ಒತ್ತಡಕ್ಕೆ ಅಲ್ಲಿ ‘ಪೀಪ್’ ಎನ್ನುತ್ತಾರೆ. ಮೂರನೆಯ ದಿನ ಅದನ್ನು 10ರಿಂದ 6ಕ್ಕೆ ಇಳಿಸಿದರೆಂದು ಕೇಳಿ ತಂಗಿ, “ಅಣ್ಣಾ, ಇನ್ನು ಆಸೆಯಿಲ್ಲವೆಂದು ಕೈಬಿಟ್ಟರೇ?” ಎಂದು ಅತ್ತಳು. ವೈದ್ಯೆ ಸಮಾಧಾನದಿಂದ ಹೇಳಿದರು: “ಇಲ್ಲಮ್ಮ, ಅವನ ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದೆ. ಮಿದುಳಿಗೆ ರಕ್ತ ಸಿಗಲೆಂದೇ ಇಳಿಸಿದ್ದೇವೆ.” ಮಂಚದ ತಲೆಯ ಭಾಗವನ್ನು 30 ಡಿಗ್ರಿ ಎತ್ತಿದ್ದೂ ರಕ್ತ ಸುಲಭವಾಗಿ ಇಳಿಯಲೆಂದೇ. ಅವನೀಗ ನಡೆದಾಡುತ್ತಾನೆ, ಮಾತು ಮಾತ್ರ ಕೊಂಚ ನಿಧಾನ.

ಎಲ್ಲ ರೋಗಿಗಳಿಗೂ ಒತ್ತಡ ಇಳಿಸುವುದೇ ಸರಿಯೆಂದಲ್ಲ. ಶ್ವಾಸಕೋಶ ಕೆಟ್ಟಿದ್ದರೆ ಹೆಚ್ಚಿನ ಒತ್ತಡವೇ ಬೇಕಾದೀತು. ಆಮ್ಲಜನಕದ ಕೊರತೆಯೂ ಮಿದುಳಿಗೆ ಕೇಡೇ. ಉಸಿರನ್ನು ವೇಗಗೊಳಿಸಿ ಇಂಗಾಲದ ಡೈಆಕ್ಸೈಡನ್ನು ವಿಪರೀತ ಹೊರಹಾಕಿದರೆ ಮಿದುಳಿನ ರಕ್ತನಾಳಗಳು ಕುಗ್ಗಿ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ವೈದ್ಯರು ಗಳಿಗೆ ಗಳಿಗೆಗೂ ತೂಗಿ ನೋಡುವುದು ಇದನ್ನೇ.

ಆದುದರಿಂದ ನಿಮ್ಮವರಾರಾದರೂ ಆ ಯಂತ್ರದಲ್ಲಿದ್ದರೆ, ಅಂಕಿ ಏರಿತೆಂದು ಹಿಗ್ಗಬೇಡಿ, ಇಳಿಯಿತೆಂದು ಕುಗ್ಗಬೇಡಿ. ಏಕೆ ಬದಲಾಯಿಸಿದಿರಿ ಎಂದು ವಿನಯದಿಂದ ಕೇಳಿರಿ. ಕೇಳುವುದು ಅವಿಶ್ವಾಸವಲ್ಲ.