ಗಟ್ಟಿ ಹಾಸಿಗೆಗೊಂದು ಮೆತ್ತನೆಯ ಮೇಲ್ಹಾಸು

ಅಂಗಾತ ಮಲಗುವವರನ್ನು ಗಟ್ಟಿ ಹಾಸಿಗೆ ಅಷ್ಟಾಗಿ ಕಾಡುವುದಿಲ್ಲ; ಮೈಭಾರ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಮಗ್ಗುಲಾಗಿ ಮಲಗುವವರ ಕಷ್ಟವೇ ಬೇರೆ. ಭುಜದ ಮೂಳೆ, ಸೊಂಟದ ಪಕ್ಕದ ಉಬ್ಬು, ಮೊಣಕಾಲಿನ ಬದಿ, ಹೀಗೆ ಮೂರ್ನಾಲ್ಕು ಜಾಗದ ಮೇಲೇ ಭಾರವೆಲ್ಲ ಬೀಳುತ್ತದೆ. ಅಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸ ಕಡಿಮೆ. ಹಾಸಿಗೆ ಒಂದಿಷ್ಟೂ ತಗ್ಗಿಕೊಡದಿದ್ದರೆ ನಿದ್ದೆಯಲ್ಲೇ ಮೈ ಹೊರಳುತ್ತದೆ, ಮತ್ತೆ ಹೊರಳುತ್ತದೆ. ವಯಸ್ಸಾದಂತೆ ಇದ್ದ ಮಾಂಸವೂ ಕರಗುತ್ತದೆ. ಅಮ್ಮನಿಗೆ ಆಗುತ್ತಿದ್ದುದು ಇದೇ. ನಡುವಯಸ್ಸಿನಲ್ಲಿ ಅವಳಿಗೆ ಚೆನ್ನಾಗಿ ಒಗ್ಗಿದ್ದ ನಾರಿನ ಹಾಸಿಗೆ ಎಪ್ಪತ್ತು ದಾಟಿದ ಮೇಲೆ ಒತ್ತತೊಡಗಿತ್ತು.

ಆ ಹಾಸಿಗೆಯಲ್ಲಿ ಕೊರತೆಯೇನೂ ಇರಲಿಲ್ಲ. ತೆಂಗಿನ ನಾರನ್ನು ಸುರುಳಿಯಾಗಿ ಹುರಿಮಾಡಿ, ಬಿಡಿಸಿ, ರಬ್ಬರಿನ ಹಾಲು ಸಿಂಪಡಿಸಿ, ಒತ್ತಿ ಬೇಯಿಸಿದ ಹಲಗೆ ಅದು. ಗಾಳಿಯಾಡುತ್ತದೆ, ಬೆವರು ಹಿಡಿಯುವುದಿಲ್ಲ, ಕುಸಿಯುವುದೂ ನಿಧಾನ. ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದು ಎಂಬ ನಂಬಿಕೆ ಬೇರೆ ನಮ್ಮ ಮನೆಗಳಲ್ಲಿ ಬೇರೂರಿದೆ. ಈ ನಂಬಿಕೆಯನ್ನು ಸ್ಪೇನಿನ ವೈದ್ಯರು ಪರೀಕ್ಷೆಗೆ ಒಡ್ಡಿದರು. ಬಹುಕಾಲದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ಗಮನಿಸಿದರು. ಹೆಚ್ಚು ಸುಧಾರಿಸಿದ್ದು ಮಧ್ಯಮದವರು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನನಗೆ ಅದರಲ್ಲಿ ಮೆಚ್ಚುಗೆಯಾದದ್ದು ‘ಮಧ್ಯಮ’ ಎಂಬುದು. ಪೂರ್ತಿ ಮೆತ್ತಗಾದರೆ ಸೊಂಟ ಹೂತುಹೋಗಿ ಬೆನ್ನು ಬಾಗುತ್ತದೆ. ಪೂರ್ತಿ ಗಟ್ಟಿಯಾದರೆ ಸೊಂಟದ ಮೇಲಿನ ನಡು ಆಸರೆಯಿಲ್ಲದೆ ತೇಲುತ್ತದೆ. ಕೆಳಗೆ ಬಿಗಿ, ಮೇಲೆರಡು ಅಂಗುಲ ಮೆದು: ಮೈ ಕೇಳುವುದು ಇಷ್ಟನ್ನೇ. ಹಾಸಿಗೆ ಬದಲಿಸುವ ಬದಲು ಅದರ ಮೇಲೊಂದು ಮೆತ್ತನೆಯ ಮೇಲ್ಹಾಸು, ಅಂದರೆ ಟಾಪರ್, ಹಾಸಿದರೆ ಈ ಎರಡೂ ಸಿಗುತ್ತವೆ.

ಕೊಳ್ಳುವ ಮೊದಲು ಹಾಸಿಗೆಯ ಅಡ್ಡಕ್ಕೆ ಒಂದು ನೇರ ಕೋಲಿಟ್ಟು ನೋಡಬೇಕು. ನಡುವೆ ತಗ್ಗು ಕಂಡರೆ ಟಾಪರಿಗೆ ದುಡ್ಡು ಹಾಕಬಾರದು. ತಗ್ಗಿನ ಮೇಲೆ ಹಾಸಿದ್ದು ತಗ್ಗನ್ನೇ ಹಿಡಿಯುತ್ತದೆ.

ನಮ್ಮ ಹಿರಿಯರ ಟಾಪರ್ ಅರಳೆಯದು. ಬೇಸಿಗೆ ಬಂತೆಂದರೆ ಹೆಗಲ ಮೇಲೆ ಉದ್ದನೆಯ ಬಿಲ್ಲು ಹೊತ್ತು ಪಿಂಜಾರರು ಬೀದಿಗೆ ಬರುತ್ತಿದ್ದರು. ಬಿಲ್ಲಿನ ಬಿಗಿದ ತಂತಿಯನ್ನು ಮರದ ಕೊಡತಿಯಿಂದ ಮೀಟಿದರೆ ಟೊಂಯ್ ಎಂದು ನಾದ ಹೊಮ್ಮಿ, ಕೆಳಗಿದ್ದ ಗಂಟು ಅರಳೆ ಎಳೆಎಳೆಯಾಗಿ ಹಾರಿ ಪಕ್ಕದಲ್ಲಿ ರಾಶಿ ಬೀಳುತ್ತಿತ್ತು. ವರ್ಷವಿಡೀ ತುಳಿಸಿಕೊಂಡು ಹಪ್ಪಳೆಯಾಗಿದ್ದ ಹತ್ತಿ ಮಧ್ಯಾಹ್ನದೊಳಗೆ ಮೂರು ಪಟ್ಟು ಉಬ್ಬುತ್ತಿತ್ತು. ಅದನ್ನು ಮತ್ತೆ ಚೀಲಕ್ಕೆ ತುಂಬಿ, ಕೋಲಿನಿಂದ ಬಡಿದು ಸಮಮಾಡಿ, ದಪ್ಪ ಸೂಜಿಯಿಂದ ಅಲ್ಲಲ್ಲಿ ಹೊಲಿಗೆ ಹಾಕಿ ಮಂಚಕ್ಕೆ ಏರಿಸಿದ ರಾತ್ರಿಯ ನಿದ್ದೆಗೆ ಸಮನಾದದ್ದು ನನಗೆ ಇನ್ನೂ ಸಿಕ್ಕಿಲ್ಲ. ಹಳೆಯದನ್ನು ಎಸೆಯದೆ ಹೊಸದು ಮಾಡುವ ಆ ವಿದ್ಯೆ ದೊಡ್ಡದು, ಅದನ್ನು ಬಲ್ಲವರಿಗೆ ನಮ್ಮ ಊರುಗಳು ಋಣಿಯಾಗಿರಬೇಕು. ಆದರೆ ಅರಳೆ ಮೈಭಾರಕ್ಕೆ ಬೇಗ ಜಡ್ಡುಗಟ್ಟುತ್ತದೆ. ಮಗ್ಗುಲು ಊರಿದ ಜಾಗವೇ ಮೊದಲು ಕೂರುವುದರಿಂದ, ಎಲ್ಲಿ ಮೆದು ಬೇಕೋ ಅಲ್ಲೇ ಅದು ಇರುವುದಿಲ್ಲ. ಪಿಂಜಾರರು ಬೀದಿಗೆ ಬರುವುದು ನಿಂತ ಮೇಲಂತೂ ಅಮ್ಮನ ಮಂಚಕ್ಕೆ ಅದನ್ನು ನೆಚ್ಚಲಾಗಲಿಲ್ಲ.

ಬೂರುಗದ ಹತ್ತಿ ಅರಳೆಗಿಂತ ಹಗುರ. ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ನೀರು ತಾಗಿಸಿಕೊಳ್ಳದೆ ತೇಲುತ್ತದೆಂದು ಹಿಂದೆ ಹಡಗಿನವರ ಜೀವರಕ್ಷಕ ಅಂಗಿಗೂ ಅದನ್ನೇ ತುಂಬುತ್ತಿದ್ದರು. ತಲೆಯ ಭಾರಕ್ಕೆ ಅದು ಸೊಗಸು. ಸೊಂಟದ ಭಾರಕ್ಕೆ ಆ ಟೊಳ್ಳು ಎಳೆಗಳು ಮುರಿದು ಪುಡಿಯಾಗುತ್ತವೆ. ದಿಂಬಿಗಷ್ಟೇ ಇರಲಿ.

ಇನ್ನು ಅಂಗಡಿ. ಪಾಲಿಯುರಿಥೇನ್ ಫೋಮ್ ಅಗ್ಗ. ‘ನಲವತ್ತು ಡೆನ್ಸಿಟಿ ಸಾರ್’ ಎಂದು ಮಾರುವವರು ಹೇಳುತ್ತಾರೆ. ಒಂದು ಘನಮೀಟರಿಗೆ 40 ಕಿಲೋ ಎಂದು ಅದರ ಅರ್ಥ. ಮೆದುವಿಗೂ ಅದಕ್ಕೂ ನೇರ ನಂಟಿಲ್ಲ, ಬಾಳಿಕೆಗೆ ಇದೆ. ಸುಳ್ಳೋ ನಿಜವೋ ತಿಳಿಯಲು ತಕ್ಕಡಿ ಸಾಕು. 72 ಅಂಗುಲ ಉದ್ದ, 36 ಅಗಲ, 2 ದಪ್ಪದ ಹಾಳೆ ನಿಜಕ್ಕೂ 40 ಡೆನ್ಸಿಟಿಯದಾಗಿದ್ದರೆ ಸುಮಾರು 3.4 ಕಿಲೋ ತೂಗಬೇಕು. ಎರಡೂವರೆ ಕಿಲೋ ತೂಗಿದರೆ ಸುಮ್ಮನೆ ವಾಪಸು ಕೊಟ್ಟು ಬರುವುದು ಒಳ್ಳೆಯದು.

ಮೆಮೊರಿ ಫೋಮಿನ ಮೇಲೆ ಅಂಗೈ ಊರಿ ತೆಗೆದರೆ ಹುದುಗಿದ ಹಿಟ್ಟಿನಲ್ಲಿ ಮೂಡಿದ ಹಾಗೆ ಗುರುತು ನಿಂತು, ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಇದನ್ನು ರೂಪಿಸಿದ್ದು ವಿಮಾನದ ಆಸನಗಳಿಗೆ. ಮೈಬಿಸಿಗೆ ಮೆತ್ತಗಾಗಿ ಮೈಯ ಅಚ್ಚನ್ನೇ ಹಿಡಿಯುವುದು ಅದರ ಗುಣ, ಒತ್ತಡ ಹಂಚುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಬಿಸಿಗೆ ಮಣಿಯುವ ವಸ್ತು ಚಳಿಗೆ ಬಿರುಸಾಗಲೇಬೇಕು. ಕೊಡಗಿನ ಡಿಸೆಂಬರಿನಲ್ಲಿ ಮಲಗಿದ ತುಸು ಹೊತ್ತು ಅದು ಹಲಗೆ. ಕಲಬುರಗಿಯ ಮೇ ತಿಂಗಳಲ್ಲಿ ಮೈ ಸುತ್ತ ಕವಿದು ಬೆವರಿಳಿಸುತ್ತದೆ. ಮೇಲಾಗಿ, ಅದರಲ್ಲಿ ಹೊರಳಲು ಕಸುವು ಬೇಕು. ಮಾಡಿಕೊಂಡ ಗುಳಿಯಿಂದ ಎದ್ದು ಬರಬೇಕಲ್ಲ. ಮೊಣಕೈ ಊರಿ ಏಳುವ ಮುದುಕಿಗೆ ಇದು ಸಣ್ಣ ವಿಷಯವಲ್ಲ.

ಹೀಗೆ ನಾನು ಬಂದು ನಿಂತದ್ದು ಲೇಟೆಕ್ಸಿನ ಮುಂದೆ. ರಬ್ಬರ್ ಮರದ ಹಾಲು ಅದು. ನಸುಕಿನ ತಂಪಿನಲ್ಲಿ ತೊಗಟೆ ಗೀರಿದರೆ ಚಿಪ್ಪಿಗೆ ತೊಟ್ಟಿಕ್ಕುತ್ತದೆ. ಕೇರಳದ ಮಾತೇ ಬೇಡ, ನಮ್ಮ ಸುಳ್ಯದ ತೋಟಗಳಲ್ಲೂ ದಶಕಗಳಿಂದ ಆ ಗೀರುವ ಕೆಲಸ ನಡೆದಿದೆ; 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿದ ಎಷ್ಟೋ ತಮಿಳು ಕುಟುಂಬಗಳು ಅಲ್ಲಿಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲೇ ಬದುಕು ಕಟ್ಟಿಕೊಂಡವು. ಇರುಳ ಕೊನೆಯಲ್ಲಿ ತಲೆಗೆ ದೀಪ ಕಟ್ಟಿ ಮರದಿಂದ ಮರಕ್ಕೆ ನಡೆಯುವವರ ದುಡಿಮೆಯ ಮೇಲೆ ಯಾರದೋ ನಿದ್ದೆ ನಿಂತಿದೆ ಎಂಬುದನ್ನು ನಾನು ಮರೆಯಲಾರೆ. ಈ ಹಾಲನ್ನು ನೊರೆ ಬರುವಂತೆ ಕಡೆದು, ಅಚ್ಚಿಗೆ ಹೊಯ್ದು, ಗಂಧಕದ ಜೊತೆ ಬೇಯಿಸುವ ಡನ್‌ಲಪ್ ವಿಧಾನ 1929ರದು. ಹಾಳೆಯ ತುಂಬ ಕಾಣುವ ತೂತುಗಳು ಅಲಂಕಾರಕ್ಕಲ್ಲ; ಒಳಗಿನ ನೊರೆಗೂ ಬಿಸಿ ಮುಟ್ಟಲೆಂದು ಅಚ್ಚಿನಲ್ಲಿ ನಿಲ್ಲಿಸಿದ ಲೋಹದ ಕಡ್ಡಿಗಳ ಗುರುತು.

ಒತ್ತಿದರೆ ತಗ್ಗುತ್ತದೆ, ಬಿಟ್ಟ ಕ್ಷಣವೇ ಮೇಲೆ ಬರುತ್ತದೆ. ಭುಜಕ್ಕೆ ಜಾಗ ಕೊಟ್ಟು ನಡುವನ್ನು ಎತ್ತಿ ಹಿಡಿಯುತ್ತದೆ, ಹೊರಳುವಾಗ ಹಿಂದಿನಿಂದ ನೂಕಿಕೊಡುತ್ತದೆ. ಇದನ್ನೆಲ್ಲ ಅಂಗೈಯಲ್ಲಿ ಒತ್ತಿ ತಿಳಿಯುವುದಾಗದು. ಅಮ್ಮನನ್ನೇ ಅಂಗಡಿಗೆ ಕರೆದೊಯ್ದು, ಅವಳ ಹಾಸಿಗೆಯಷ್ಟೇ ಬಿಗಿಯಾದ ನಾರಿನ ಹಾಸಿಗೆಯ ಮೇಲೆ ಹಾಳೆ ಹಾಸಿಸಿ, ಸೆರಗು ಸರಿಪಡಿಸಿಕೊಂಡ ಅವಳನ್ನು ಎಡಮಗ್ಗುಲಾಗಿ ಮಲಗಿಸಿದೆ. ಒಂದಂಗುಲದ್ದರಲ್ಲಿ ಸೊಂಟ ತಳ ಮುಟ್ಟಿತು. ಮೂರಂಗುಲದ್ದರಿಂದ ಏಳುವಾಗ ವಾಲಿದಳು. ಎರಡಂಗುಲದ್ದರ ಮೇಲೆ ಮಾತಾಡುತ್ತಲೇ ಅವಳ ಕಣ್ಣೆಳೆಯಿತು. ಏಳು ಕಿಲೋ ಹತ್ತಿರ ತೂಗುವ ಅದನ್ನೇ ತಂದೆವು.

ಅದರ ಮೇಲೆ ಅವಳೇ ಹೊಲಿದ ಕೌದಿ ಬಿತ್ತು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರ ಕೂಡಿಸಿ ಗುಬ್ಬಚ್ಚಿ ಹೆಜ್ಜೆಯಷ್ಟು ಸಣ್ಣ ಟಾಕು ಹಾಕಿದ ಕೌದಿ ಬೆವರು ಹೀರುತ್ತದೆ, ರಬ್ಬರಿನ ಶೆಕೆಯನ್ನು ಮೈಗೆ ತಾಗಗೊಡುವುದಿಲ್ಲ. ಇಂಥದ್ದಿರುವವರು ಮೇಲಿನ ಹೊದಿಕೆಗೆಂದು ಬೇರೆ ಖರ್ಚು ಮಾಡಬೇಕಿಲ್ಲ. ಒಂದು ವಿಷಯಕ್ಕೆ ಮಾತ್ರ ಅಮ್ಮನನ್ನು ಒಪ್ಪಿಸಬೇಕಾಯಿತು. ಹಾಸಿಗೆಯೆಂದರೆ ಬಿಸಿಲಿಗೆ ಹಾಕಬೇಕಾದದ್ದು ಎಂಬುದು ಅವಳ ಬಾಳಿನ ನಿಯಮ, ಅರಳೆಗೆ ಅದು ಸರಿಯೂ ಹೌದು. ಲೇಟೆಕ್ಸ್ ಬಿಸಿಲು ತಿಂದರೆ ಹಳದಿಗಟ್ಟಿ ಬಿರಿಯುತ್ತದೆ. ಕೌದಿ ಅಂಗಳದ ಬಿಸಿಲಿಗೆ, ಟಾಪರ್ ಪಡಸಾಲೆಯ ನೆರಳ ಗಾಳಿಗೆ ಎಂದು ಇತ್ಯರ್ಥವಾಯಿತು.

ಉಳಿದದ್ದು ದಿಂಬು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಭುಜ ಟಾಪರಿನೊಳಗೆ ಇಳಿದಷ್ಟೂ ಕಿವಿಗೂ ಹಾಸಿಗೆಗೂ ನಡುವಿನ ದೂರ ಕಡಿಮೆಯಾಗುತ್ತದೆ. ಗಟ್ಟಿ ಹಾಸಿಗೆಗೆ ಸರಿಹೋಗುತ್ತಿದ್ದ ಎತ್ತರದ ದಿಂಬು ಈಗ ಕುತ್ತಿಗೆಯನ್ನು ಮೇಲಕ್ಕೆ ಬಾಗಿಸುತ್ತದೆ. ಅಮ್ಮನನ್ನು ಮಗ್ಗುಲಾಗಿ ಮಲಗಿಸಿ, ಹಿಂದೆ ಕೂತು, ಕುತ್ತಿಗೆ ಬೆನ್ನಿನ ಗೆರೆಗೆ ಬರುವ ತನಕ ದಿಂಬಿನ ಹೊಲಿಗೆ ಬಿಚ್ಚಿ ಬೂರುಗದ ಹತ್ತಿಯನ್ನು ಹಿಡಿ ಹಿಡಿಯಾಗಿ ತೆಗೆದೆವು. ತೆಗೆದದ್ದರಲ್ಲಿ ಅವಳ ಮೊಣಕಾಲುಗಳ ನಡುವೆ ಇಟ್ಟುಕೊಳ್ಳಲು ಇನ್ನೊಂದು ಸಣ್ಣ ದಿಂಬಾಯಿತು.